ಹಳೆಯ ಇಮೇಲ್‌ಗಳ ರಾಶಿಯನ್ನು ಪೈಥಾನ್‌ನಲ್ಲಿ ಬಿಡಿಸಿದ ಬಗೆ

ಸಣ್ಣ ಕನ್ನಡ ಮಾಸಪತ್ರಿಕೆಯೊಂದರ ಸಂಪಾದಕರು ತಮಗೆ ಬಂದ ಹಲವು ವರ್ಷಗಳ ಇಮೇಲ್ ಅನ್ನು, ಪತ್ರಗಳನ್ನೆಲ್ಲ ಒಂದರ ಕೆಳಗೊಂದು ಸೇರಿಸಿಡುವ ಒಂದೇ ಎಂಬಾಕ್ಸ್ ಕಡತವಾಗಿ ಇಳಿಸಿ ನನ್ನ ಕೈಗಿಟ್ಟರು. ಯಾರು, ಯಾವತ್ತು, ಯಾವ ಶೀರ್ಷಿಕೆಯ ಬರಹವನ್ನು ಯಾವ ಕಡತದಲ್ಲಿ ಕಳುಹಿಸಿದ್ದರು ಎಂಬ ಪಟ್ಟಿ ಅವರಿಗೆ ಬೇಕಿತ್ತು. ನಾಲ್ಕೇ ಕಾಲಂ. ‘ಸಬ್ಜೆಕ್ಟ್’ ಎಂದು ಶುರುವಾಗುವ ಸಾಲುಗಳನ್ನು ಹೆಕ್ಕಿದರೆ ಮುಗಿಯಿತಲ್ಲ ಎಂದು ಜೊತೆಯಲ್ಲಿದ್ದ ಗೆಳೆಯ ಕೇಳಿದ. ಮುಗಿಯುವುದಿಲ್ಲ. ಶೀರ್ಷಿಕೆ ಉದ್ದವಾದರೆ ಮುಂದಿನ ಸಾಲಿಗೆ ಮಡಚಿಕೊಳ್ಳುತ್ತದೆ. ಆ ಸಾಲು ಖಾಲಿ ಜಾಗದಿಂದ ಶುರುವಾಗುತ್ತದೆ. ಯಾರೋ ಮುಂದಕ್ಕೆ ಕಳುಹಿಸಿದ ಪತ್ರದ ಒಡಲೊಳಗೂ ‘ಸಬ್ಜೆಕ್ಟ್’ ಸಾಲು ಇರುತ್ತದೆ. ಇಮೇಲ್‌ನ ರೂಪವನ್ನು 1982ರಲ್ಲಿ ಆರ್‌ಎಫ್‌ಸಿ 822 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಬರೆದಿಟ್ಟಿತು, 2008ರ ಆರ್‌ಎಫ್‌ಸಿ 5322 ಅದನ್ನು ತಿದ್ದಿತು. ಲಗತ್ತು, ಎಚ್‌ಟಿಎಂಎಲ್, ಇಂಗ್ಲಿಷೇತರ ಅಕ್ಷರಗಳ ಏರ್ಪಾಡಾದ ಮೈಮ್‌ನ ಈಗಿನ ದಾಖಲೆಗಳು 1996ರವು. ಇಷ್ಟು ಪದರಗಳನ್ನು, ಅಕ್ಷರಗಳ ವಿನ್ಯಾಸ ನೋಡಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಸುಲಿಯಲು ಹೊರಡುವವರ ಧೈರ್ಯ ನನಗಿಲ್ಲ.

ಪೈಥಾನ್‌ನ ಜೊತೆಗೇ ಬರುವ ‘ಇಮೇಲ್’ ಮತ್ತು ‘ಮೇಲ್‌ಬಾಕ್ಸ್’ ಮಾಡ್ಯೂಲ್‌ಗಳು ಸಾಕು. ಆದರೆ ಶುರುವಿನಲ್ಲೇ ಎರಡು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಮೊದಲನೆಯದು, ಕಡತವನ್ನು ಬೈಟುಗಳಾಗಿಯೇ ಓದುವುದು. ಇಡೀ ಕಡತವನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿಸುವ ಸಂಕೇತ) ಪಠ್ಯವೆಂದು ತೆರೆದರೆ, ಬೇರೆ ಸಂಕೇತದಲ್ಲಿರುವ ಒಂದೇ ಒಂದು ಪತ್ರ ಇಡೀ ಓದನ್ನು ಕೆಡಿಸುತ್ತದೆ. ಎರಡನೆಯದು ಪಾಲಿಸಿ, ಅಂದರೆ ಪತ್ರವನ್ನು ಹೇಗೆ ಓದಬೇಕೆಂದು ಲೈಬ್ರರಿಗೆ ಹೇಳುವ ಸೂತ್ರ. ಏನೂ ಹೇಳದಿದ್ದರೆ ಲೈಬ್ರರಿ ‘ಕಂಪ್ಯಾಟ್32’ ಎಂಬ ಹಳೆಯ ನಡವಳಿಕೆಯನ್ನೇ ಹಿಡಿಯುತ್ತದೆ, ‘ಪಾಲಿಸಿ.ಡೀಫಾಲ್ಟ್’ ಎಂದು ಕೇಳಿ ಪಡೆದರೆ ಮಾತ್ರ ಹೊಸ ಸಂದೇಶ ವಸ್ತು ಸಿಗುತ್ತದೆ. ‘ಡೀಫಾಲ್ಟ್’ ಎಂಬ ಹೆಸರಿನದೇ ಡೀಫಾಲ್ಟ್ ಅಲ್ಲ, ಇದು ಆ ಲೈಬ್ರರಿಯ ವಿಚಿತ್ರ. ‘ಮೇಲ್‌ಬಾಕ್ಸ್.ಎಂಬಾಕ್ಸ್’ ಕೂಡ ಹಳೆಯದನ್ನೇ ಕೊಡುತ್ತದೆ. ಆದ್ದರಿಂದ ಅದರ ‘ಫ್ಯಾಕ್ಟರಿ’ ಆರ್ಗ್ಯುಮೆಂಟ್‌ಗೆ, ಹೊಸ ಪಾಲಿಸಿಯೊಂದಿಗೆ ಬೈನರಿ ಕಡತವನ್ನು ಓದುವ ಪುಟ್ಟ ಫಂಕ್ಷನ್ ಒಂದನ್ನು ಕೊಟ್ಟೆ.

ಶೀರ್ಷಿಕೆಯ ಕಾಲಂ ಹೆಚ್ಚು ಹೊತ್ತು ಹಿಡಿಯಿತು. ಕನ್ನಡಿಗರಿಗೆ ಅದೇ ಹೆಚ್ಚು ಉಪಯೋಗಕ್ಕೂ ಬರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪತ್ರದ ತಲೆಯಲ್ಲಿರುವ ಹೆಡರ್ ಸಾಲಿನಲ್ಲಿ ಹಿಂದಿನಿಂದಲೂ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗಷ್ಟೇ ಜಾಗ. ಕನ್ನಡ ಬರೆದರೆ ಅದು ಆರ್‌ಎಫ್‌ಸಿ 2047 ಹೇಳುವ ‘ಎನ್‌ಕೋಡೆಡ್ ವರ್ಡ್’ ಆಗುತ್ತದೆ: ಮೊದಲು ಅಕ್ಷರ ಸಂಕೇತದ ಹೆಸರು, ಆಮೇಲೆ ಬೈಟುಗಳನ್ನು 64 ಆಸ್ಕಿ ಅಕ್ಷರಗಳಲ್ಲೇ ಬರೆಯುವ ಬೇಸ್64ಕ್ಕೆ ಬಿ ಅಥವಾ ಇನ್ನೊಂದು ವಿಧಾನಕ್ಕೆ ಕ್ಯೂ, ಕೊನೆಗೆ ಪಠ್ಯ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಮೂರು ಬೈಟು ಬೇಸ್64ರಲ್ಲಿ ನಾಲ್ಕು ಅಕ್ಷರ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯೂ ಸೇರಿ ಐದು ಚಿಹ್ನೆಗಳು, ಅಂದರೆ 15 ಬೈಟು, ಬೇಸ್64ರಲ್ಲಿ 20 ಅಕ್ಷರ. ಕ್ಯೂ ವಿಧಾನದಲ್ಲಾದರೆ ಬೈಟಿಗೆ ಮೂರು ಅಕ್ಷರದಂತೆ ಅದೇ ಪದಕ್ಕೆ 45. ಕನ್ನಡದ ಬೈಟುಗಳೆಲ್ಲ ಒಂದೇ ಓಣಿಯವಾದ್ದರಿಂದ ಬೇಸ್64ರಲ್ಲಿ ‘4ಎಲ್‌ಕೆ’, ‘4ಎಲ್‌ಒ’ ಎಂಬ ಗುಂಪುಗಳು ಮತ್ತೆ ಮತ್ತೆ ಬರುತ್ತವೆ. ಕೆಲವು ದಿನ ಕಚ್ಚಾ ಕಡತ ನೋಡುತ್ತಿದ್ದರೆ, ಡಿಕೋಡ್ ಮಾಡದೆಯೇ ಇದು ಕನ್ನಡದ ಪತ್ರ ಎಂದು ಕಣ್ಣಿಗೆ ಗೊತ್ತಾಗುತ್ತದೆ.

ಒಂದು ಎನ್‌ಕೋಡೆಡ್ ವರ್ಡ್ 75 ಅಕ್ಷರ ಮೀರಬಾರದು. ಹಿಂದಿನ ಮುಂದಿನ ಗುರುತುಗಳಿಗೆ 12 ಹೋದರೆ ಉಳಿಯುವುದು 63. ಬೇಸ್64 ನಾಲ್ಕರ ಲೆಕ್ಕದಲ್ಲಿ ನಡೆಯುವುದರಿಂದ 60, ಅಂದರೆ 45 ಬೈಟು. ‘ಯುಗಾದಿ ವಿಶೇಷಾಂಕಕ್ಕೆ ಕಥೆ’ ಎಂಬ ಶೀರ್ಷಿಕೆ 65 ಬೈಟು, ಹಾಗಾಗಿ ಎರಡು ತುಂಡಾಗಲೇಬೇಕು. 45ನ್ನು ಮೂರರಿಂದ ಭಾಗಿಸಬಹುದಲ್ಲ, ಕತ್ತರಿ ಅಕ್ಷರದ ಅಂಚಿನಲ್ಲೇ ಬೀಳಬೇಕಿತ್ತಲ್ಲ ಎನಿಸಬಹುದು. ಆದರೆ ‘ಯುಗಾದಿ’ಯ ನಂತರದ ಖಾಲಿ ಜಾಗ ಒಂದೇ ಬೈಟಿನದು; ಅದು ಲೆಕ್ಕವನ್ನು ಜರುಗಿಸುತ್ತದೆ. ಬೈಟು ಎಣಿಸಿ ಕಣ್ಣುಮುಚ್ಚಿ ಕತ್ತರಿಸುವ ತಂತ್ರಾಂಶವು ‘ಕ್ಕೆ’ಯ ಮೊದಲ ಕಕಾರವನ್ನೇ ಸೀಳುತ್ತದೆ: ಎರಡು ಬೈಟು ಮೊದಲ ತುಂಡಿನಲ್ಲಿ, ಮೂರನೆಯದು ಎರಡನೆಯದರಲ್ಲಿ. ಹಾಗೆ ಸೀಳಬಾರದು ಎಂದು ಆರ್‌ಎಫ್‌ಸಿ ಸ್ಪಷ್ಟವಾಗಿ ಹೇಳುತ್ತದೆ, ಕೇಳುವವರು ಬೇಕಷ್ಟೆ. ತುಂಡುಗಳನ್ನು ಒಂದೊಂದಾಗಿ ಅಕ್ಷರಕ್ಕೆ ತಿರುಗಿಸಿ ಅಂಟಿಸುವವರಿಗೆ ‘ವಿಶೇಷಾಂಕ’ದ ನಂತರ ಪ್ರಶ್ನೆ ಚಿಹ್ನೆಯ ಕಪ್ಪು ವಜ್ರಗಳು ಸಿಗುತ್ತವೆ. ಲೈಬ್ರರಿಯ ಹಳೆಯ ‘ಡಿಕೋಡ್_ಹೆಡರ್’ ಇಲ್ಲಿ ಜಾಣತನ ತೋರಿಸುತ್ತದೆ. ಒಂದೇ ಸಂಕೇತದ ಅಕ್ಕಪಕ್ಕದ ತುಂಡುಗಳನ್ನು ಅದು ಬೈಟುಗಳಾಗಿಯೇ ಜೋಡಿಸಿ ಕೊಡುತ್ತದೆ, ಅಕ್ಷರವಾಗಿಸುವುದನ್ನು ನಮಗೆ ಬಿಡುತ್ತದೆ. ಅನುಮಾನ ಬಂದ ಶೀರ್ಷಿಕೆಗಳಿಗೆ ‘ರಾ_ಐಟಮ್ಸ್’ನಿಂದ ಮೂಲ ಸಾಲನ್ನು ತೆಗೆದು ಈ ದಾರಿಯಲ್ಲೇ ಕಳುಹಿಸಿದೆ.

ಕಳುಹಿಸಿದವರ ಹೆಸರಿನದು ಹೆಚ್ಚು ರಗಳೆಯಲ್ಲ. ‘ಗೆಟ್‌ಅಡ್ರೆಸಸ್’ ಹೆಸರನ್ನೂ ವಿಳಾಸವನ್ನೂ ಬೇರೆ ಮಾಡಿ ಕೊಡುತ್ತದೆ. ಒಬ್ಬರೇ ಲೇಖಕರು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಹೆಸರು ಬರೆದುಕೊಂಡಿದ್ದರು. ವಿಳಾಸವನ್ನೇ ಕೀಲಿಯಾಗಿ ಹಿಡಿದೆ.

ದಿನಾಂಕದ್ದು ನಂಬಿಕೆಯ ಪ್ರಶ್ನೆ. ‘ಡೇಟ್’ ಹೆಡರ್ ಕಳುಹಿಸಿದವರ ಯಂತ್ರ ಹೇಳಿದ ಮಾತು. ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ತನಗೆ ತೋಚಿದ ಇಸವಿಯನ್ನು ಬರೆದುಬಿಡುತ್ತದೆ. ‘ರಿಸೀವ್ಡ್’ ಸಾಲುಗಳು ಹಾಗಲ್ಲ. ದಾರಿಯ ಒಂದೊಂದು ಅಂಚೆ ಕಚೇರಿ ಒತ್ತಿದ ಮೊಹರಿನಂತೆ, ಪ್ರತಿ ಸರ್ವರ್ ತನ್ನದನ್ನು ಎಲ್ಲಕ್ಕಿಂತ ಮೇಲೆ ಸೇರಿಸುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಮೇಲಿನದು ನಮ್ಮದೇ ಸರ್ವರ್‌ನದು, ಅದನ್ನು ಕಳುಹಿಸುವವರು ತಿರುಚಲಾರರು. ಅದರ ಕೊನೆಯ ಅರ್ಧವಿರಾಮದ ನಂತರದ ಸಮಯವನ್ನೇ ಪಟ್ಟಿಗೆ ಹಾಕಿದೆ. ‘ರಿಸೀವ್ಡ್’ ಇಲ್ಲದ ಪತ್ರಗಳಿಗೆ ಮಾತ್ರ ‘ಡೇಟ್’. ಇಲ್ಲೊಂದು ಸಣ್ಣ ಗುಂಡಿಯಿದೆ: ಕಾಲವಲಯ ‘-0000’ ಎಂದಿದ್ದರೆ ‘ಪಾರ್ಸ್‌ಡೇಟ್_ಟು_ಡೇಟ್‌ಟೈಮ್’ ವಲಯವಿಲ್ಲದ ಸಮಯವನ್ನು ಕೊಡುತ್ತದೆ, ಅದನ್ನು ವಲಯವಿರುವುದರ ಜೊತೆ ಯಾವುದು ಮೊದಲು ಎಂದು ಹೋಲಿಸಿದೊಡನೆ ಪೈಥಾನ್ ‘ಟೈಪ್‌ಎರರ್’ ಎಂದು ಕೆಲಸ ನಿಲ್ಲಿಸುತ್ತದೆ. ಅಂಥವನ್ನು ಯುಟಿಸಿ (ವಿಶ್ವದ ಮಾನಕ ಸಮಯ) ಎಂದು ಗುರುತಿಸಿ, ಆಮೇಲೆ ಎಲ್ಲವನ್ನೂ ಭಾರತೀಯ ಸಮಯಕ್ಕೆ ತಿರುಗಿಸಿದೆ. ಅಮೆರಿಕದಲ್ಲಿರುವ ಲೇಖಕರು ತಿಂಗಳ ಕೊನೆಯ ಸಂಜೆ ಕಳುಹಿಸಿದ ಕಥೆ ನಮ್ಮಲ್ಲಿ ಮುಂದಿನ ತಿಂಗಳ ಒಂದನೇ ತಾರೀಖಿನದು. ಗಡುವಿನ ವಿಷಯದಲ್ಲಿ ಸಂಪಾದಕರು ಕಟ್ಟುನಿಟ್ಟು!

ಪತ್ರದ ಒಡಲು ಒಂದು ಮರ. ಬುಡದಲ್ಲಿ ‘ಮಲ್ಟಿಪಾರ್ಟ್/ಮಿಕ್ಸ್ಡ್’, ಅದರಡಿ ಒಂದು ಕಡೆ ‘ಮಲ್ಟಿಪಾರ್ಟ್/ಆಲ್ಟರ್ನೇಟಿವ್’, ಅದರೊಳಗೆ ಅದೇ ಮಾತಿನ ಸರಳ ಪಠ್ಯ ಮತ್ತು ಎಚ್‌ಟಿಎಂಎಲ್ ರೂಪಗಳು. ಇನ್ನೊಂದು ಕಡೆ ಲಗತ್ತು. ‘ಗೆಟ್_ಬಾಡಿ’ಗೆ ಸರಳ ಪಠ್ಯ ಮೊದಲು, ಆಮೇಲೆ ಎಚ್‌ಟಿಎಂಎಲ್ ಎಂದು ಹೇಳಿದರೆ ಸರಿಯಾದ ಕೊಂಬೆ ಹಿಡಿದು ತರುತ್ತದೆ. ತಂದದ್ದು ಖಾಲಿಯೇ ಎಂದು ನೋಡಿ, ಆಗಿದ್ದರೆ ಎಚ್‌ಟಿಎಂಎಲ್‌ಗೆ ಹೋಗಬೇಕು. ಲಗತ್ತುಗಳಿಗೆ ‘ಇಟರ್_ಅಟ್ಯಾಚ್‌ಮೆಂಟ್ಸ್’ ಇದೆ, ಆದರೆ ಅದು ಬುಡದ ನೇರ ಮಕ್ಕಳನ್ನು ಮಾತ್ರ ನೋಡುತ್ತದೆ. ‘ವಾಕ್’ ಎಲ್ಲ ಕಡೆ ಹೋಗುತ್ತದೆ, ಲಗತ್ತಾಗಿ ಬಂದ ಇನ್ನೊಂದು ಇಡೀ ಪತ್ರದೊಳಕ್ಕೂ ಇಳಿದು ಅದರ ಲಗತ್ತುಗಳನ್ನು ಇದರದೇ ಎಂದು ಹೊತ್ತು ತರುತ್ತದೆ. ಎರಡೂ ಒಗ್ಗಲಿಲ್ಲ. ‘ಮೆಸೇಜ್/ಆರ್‌ಎಫ್‌ಸಿ822’ ಎಂಬ ಬಗೆ ಕಂಡ ಕಡೆ ನಿಲ್ಲುವ ಹತ್ತು ಸಾಲಿನ ಫಂಕ್ಷನ್ ಬರೆದುಕೊಂಡೆ.

ಲಗತ್ತಿನ ಹೆಸರನ್ನು ಹಾಗೆಯೇ ಡಿಸ್ಕಿಗೆ ಬರೆಯಬೇಡಿ. ಅದರಲ್ಲಿ ಮೇಲಿನ ಫೋಲ್ಡರಿಗೆ ಜಿಗಿಸುವ ಚುಕ್ಕೆಗಳಿರಬಹುದು. ಅದಲ್ಲದೆ ಲಿನಕ್ಸ್‌ನಲ್ಲಿ ಸಾಮಾನ್ಯವಾದ ಇಎಕ್ಸ್‌ಟಿ4 ಕಡತದ ಹೆಸರಿಗೆ 255 ಬೈಟು ಮಾತ್ರ ಕೊಡುತ್ತದೆ, ಕನ್ನಡದಲ್ಲಿ ಅದು ಬರೀ 85 ಚಿಹ್ನೆ. ನಮ್ಮ ಕವಿಗಳು ಕವಿತೆಯ ಮೊದಲ ಸಾಲನ್ನೇ ಕಡತದ ಹೆಸರಾಗಿಸುತ್ತಾರೆ. ಡಿಸ್ಕಿನಲ್ಲಿ ಕ್ರಮಸಂಖ್ಯೆ, ಪಟ್ಟಿಯಲ್ಲಿ ಪೂರ್ತಿ ಹೆಸರು ಎಂದು ಹಂಚಿದೆ.

ಅಕ್ಷರ ಸಂಕೇತದ ಹೆಸರನ್ನೇ ತಪ್ಪಾಗಿ ಬರೆದ ಪತ್ರಗಳಲ್ಲಿ ‘ಗೆಟ್_ಕಂಟೆಂಟ್’ ‘ಲುಕಪ್‌ಎರರ್’ ಎಸೆಯುತ್ತದೆ. ಆಗ ಬೈಟುಗಳನ್ನು ತೆಗೆದು ಕಟ್ಟುನಿಟ್ಟಾದ ಯುಟಿಎಫ್-8ಗೆ ಒಡ್ಡಿದರೆ ಸಾಕು. ಬೇರೆ ಸಂಕೇತದ ಪಠ್ಯ ಆ ಜರಡಿಯಲ್ಲಿ ಆಕಸ್ಮಿಕವಾಗಿ ದಾಟುವುದು ಅಪರೂಪ.

ಯಾವ ಲೈಬ್ರರಿಯೂ ಬಿಡಿಸಲಾಗದ ಗುಂಪೊಂದು ಕೊನೆಗೆ ಉಳಿಯಿತು: ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದ ಪತ್ರಗಳು. ಮೈಮ್ ದೃಷ್ಟಿಯಲ್ಲಿ ಅವು ನಿರ್ದೋಷಿಗಳು, ಲೈಬ್ರರಿ ಕಂಡ ದೋಷಗಳನ್ನು ಬರೆದಿಡುವ ‘ಡಿಫೆಕ್ಟ್ಸ್’ ಪಟ್ಟಿ ಖಾಲಿ. ಪಠ್ಯ ಮಾತ್ರ ರೋಮನ್ ಅಕ್ಷರಗಳ ಕಲಸುಮೇಲೋಗರ, ಏಕೆಂದರೆ ಕನ್ನಡವಿದ್ದದ್ದು ಫಾಂಟಿನಲ್ಲಿ, ಬೈಟುಗಳಲ್ಲಿ ಅಲ್ಲ. ಸುಳಿವು ಇರುವುದು ಎಚ್‌ಟಿಎಂಎಲ್ ರೂಪದಲ್ಲಿ ಉಳಿದ ಫಾಂಟಿನ ಹೆಸರಿನಲ್ಲಿ ಮಾತ್ರ. ಸರಳ ಪಠ್ಯದಲ್ಲಿ ಅದೂ ಇಲ್ಲ. ಹಾಗಾಗಿ ಇವುಗಳಿಗೆ ನನ್ನ ಆದ್ಯತೆಯನ್ನು ತಿರುಗಿಸಿ ಎಚ್‌ಟಿಎಂಎಲ್ ಅನ್ನೇ ಮೊದಲು ಓದಿದೆ, ಫಾಂಟಿನ ಹೆಸರು ಸಿಕ್ಕಿದ್ದನ್ನು ಯೂನಿಕೋಡ್ ಪರಿವರ್ತಕಕ್ಕೆ ಕೊಟ್ಟೆ. ಸಿಗದವನ್ನು ‘ಫಾಂಟ್ ತಿಳಿದಿಲ್ಲ’ ಎಂಬ ಐದನೆಯ ಕಾಲಂನಲ್ಲಿ ಗುರುತಿಸಿ, ಮೂಲ ಪತ್ರವನ್ನು ಬೈಟೂ ಬದಲಿಸದೆ ಇಎಂಎಲ್ (ಒಂದೇ ಪತ್ರದ) ಕಡತವಾಗಿ ಪಕ್ಕದಲ್ಲಿಟ್ಟು ಸಂಪಾದಕರಿಗೆ ಒಪ್ಪಿಸಿದೆ. ಅವುಗಳಲ್ಲಿ ಕೆಲವನ್ನು ಅವರು ಲೇಖಕರಿಗೇ ಫೋನ್ ಮಾಡಿ ಕೇಳಿ ತುಂಬುತ್ತಿದ್ದಾರೆ.