ಗೇರ್‌ಬಾಕ್ಸ್ ಇಳಿಸುವ ಮೊದಲು ಕಿವಿಗೊಟ್ಟು ಕೇಳಿ

ಗಾಡಿಯಿಂದ ಗುಂಯ್ ಅನ್ನುವ ಸದ್ದು ಬಂದರೆ ಗೇರ್‌ಬಾಕ್ಸ್ ಇಳಿಸಲು ಅವಸರ ಮಾಡಬೇಡಿ. ಎಷ್ಟೋ ಸಲ ಸದ್ದು ಮಾಡುವ ಬೇರಿಂಗ್ (ತಿರುಗುವ ಶಾಫ್ಟ್‌ಗೆ ಆಧಾರ ಕೊಡುವ ಉಂಗುರ) ಬೆಲೆಗಿಂತ ಇಳಿಸಿ ಏರಿಸುವ ಕೂಲಿಯೇ ಜಾಸ್ತಿ. ಸದ್ದು ಎಲ್ಲಿಯದು ಅಂತ ಕ್ಲಚ್ ಪೆಡಲ್ ಒಂದೇ ಬಹಳಷ್ಟು ಹೇಳಿಬಿಡುತ್ತದೆ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಬಿಸಿಯಾದ ಮೇಲೆ ಎಸಿ ಬಂದ್ ಮಾಡಿ, ಪೆಡಲ್ ಮೇಲಿಂದ ಕಾಲು ತೆಗೆದು ಕೇಳಿ. ಈಗ ಇನ್‌ಪುಟ್ ಶಾಫ್ಟ್, ಅಂದರೆ ಎಂಜಿನ್ ಬಲವನ್ನು ಗೇರ್‌ಬಾಕ್ಸ್ ಒಳಗೆ ತರುವ ದಂಡ, ಎಂಜಿನ್ ಜೊತೆ ತಿರುಗುತ್ತಿರುತ್ತದೆ. ಪೆಡಲ್ ಪೂರ್ತಿ ಒತ್ತಿ ಎರಡು ಮೂರು ಸೆಕೆಂಡ್ ಕಾಯಿರಿ, ಶಾಫ್ಟ್ ನಿಲ್ಲುತ್ತದೆ. ಅದರ ಜೊತೆ ಸದ್ದೂ ನಿಂತರೆ ಅನುಮಾನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ. ಒತ್ತಿದಾಗಲೇ ಸದ್ದು ಶುರುವಾದರೆ ಹೆಚ್ಚಾಗಿ ಅದು ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಅದಕ್ಕಾಗಿ ಗೇರ್‌ಬಾಕ್ಸ್ ಇಳಿಸಬೇಕಾದರೂ ಬಿಚ್ಚಿ ಒಳಗೆ ಕೈ ಹಾಕಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಐಡಲ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಎಂಜಿನ್ ನಿಧಾನ ತಿರುಗುವಾಗ) ಗೇರ್ ಹಲ್ಲುಗಳ ಸಣ್ಣ ಕಟಕಟ ಇರುತ್ತದೆ. ಕ್ಲಚ್ ಒತ್ತಿದರೆ ಅದೂ ನಿಲ್ಲುತ್ತದೆ. ಎಕ್ಸಲರೇಟರ್ ಸ್ವಲ್ಪ ಒತ್ತಿ ನೋಡಿ. ಕಟಕಟ ಕಡಿಮೆಯಾದರೆ ಚಿಂತೆ ಬೇಡ. ಸವೆದ ಬೇರಿಂಗ್ ಹಾಗಲ್ಲ, ಎಂಜಿನ್ ಏರಿದಂತೆ ಅದರ ಸದ್ದೂ ಹಿಟ್ಟಿನ ಗಿರಣಿಯಂತೆ ಏರುತ್ತದೆ.

ನಿಂತಾಗ ಏನೂ ಕೇಳದಿದ್ದರೆ ರಸ್ತೆಗೆ ಹೋಗಿ. ಬೆಳಗಾವಿಯವರಿಗೆ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇದೆ. ಏರಿನಲ್ಲಿ ಗಾಡಿ ಎಳೆಯುವಾಗ ಸದ್ದು ಜೋರಾಗಿ, ಎಕ್ಸಲರೇಟರ್ ಬಿಟ್ಟಾಗ ತಗ್ಗಿದರೆ ಶಾಫ್ಟ್ ಬೇರಿಂಗ್ ಅಥವಾ ಗೇರ್‌ಗಳ ಕಡೆ ನೋಡಿ. ಒಂದೇ ಗೇರ್‌ನಲ್ಲಿ ಬಂದರೆ ಹೆಚ್ಚಾಗಿ ಆ ಗೇರ್‌ನದೇ ತೊಂದರೆ. ಗೇರ್ ತಾನೇ ಕಳಚಿ ನ್ಯೂಟ್ರಲ್‌ಗೆ ಬರುತ್ತಿದ್ದರೆ ಬೇರಿಂಗ್ ಸಡಿಲವಾಗಿ ಶಾಫ್ಟ್ ಅಲುಗುತ್ತಿರಬಹುದು. ಇಳಿಜಾರಿನಲ್ಲಿ ಮಾತ್ರ ನ್ಯೂಟ್ರಲ್ ಮಾಡಿ ಪರೀಕ್ಷಿಸಬೇಡಿ.

ಖಾಲಿ ಸಪಾಟು ರಸ್ತೆಯಲ್ಲಿ ಕ್ಲಚ್ ಒತ್ತಿದರೂ ಸದ್ದು ಹಾಗೇ ಇದ್ದರೆ ಚಕ್ರದ ಬೇರಿಂಗೇ ಇರಬಹುದು. ಬಳುಕು ರಸ್ತೆಯಲ್ಲಿ ಎಡಕ್ಕೆ, ಬಲಕ್ಕೆ ತಿರುಗುವಾಗ ಸದ್ದು ಏರಿಳಿದರೆ ಆ ಅನುಮಾನ ಗಟ್ಟಿ. ಎಷ್ಟೋ ಜನ ಇದನ್ನು ನೋಡದೇ ಗೇರ್‌ಬಾಕ್ಸ್ ಬಿಚ್ಚಿಸುತ್ತಾರೆ, ನನಗೆ ಬೇಸರವಾಗುವುದು ಅದಕ್ಕೇ.

ಕೊನೆಗೆ ಗೇರ್‌ಬಾಕ್ಸ್ ಆಯಿಲ್. ತುಂಬುವ ಬೋಲ್ಟ್ ಮೊದಲು ಬಿಚ್ಚಿ, ಆಮೇಲೆ ಆಯಿಲ್ ಹೊರಬಿಡುವ ಕೆಳಗಿನದು. ತುಂಬುವ ಬೋಲ್ಟ್ ಬಿಚ್ಚದಿದ್ದರೆ ಹೊಸ ಆಯಿಲ್ ಹಾಕುವುದು ಹೇಗೆ, ಅಲ್ವಾ? ಕೆಳಗಿನ ಬೋಲ್ಟ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಹೊಳೆಯುವ ಚೂರು, ಲೋಹದ ಸೀಳು ಕಂಡರೆ ಬಿಚ್ಚಲೇಬೇಕು. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. 2019ರ ಆಗಸ್ಟ್ ಪ್ರವಾಹದಂತೆ ರಸ್ತೆ ಮುಳುಗಿದಾಗ ನೀರಲ್ಲಿ ನಿಂತ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು. ಸದ್ದು ಮುಚ್ಚಲು ದಪ್ಪ ಆಯಿಲ್ ತುಂಬಿಸುವ ಉಪಾಯಕ್ಕೆ ಮಾತ್ರ ಒಪ್ಪಬೇಡಿ. ಸವೆದದ್ದು ಸವೆದೇ ಇರುತ್ತದೆ, ಗೇರ್ ಬೀಳುವುದೂ ಗಟ್ಟಿಯಾಗುತ್ತದೆ.

ಬಿಚ್ಚಲೇಬೇಕಾಯಿತಾ? ಆಯಿಲ್ ಸೀಲ್, ರಿಲೀಸ್ ಬೇರಿಂಗ್ ಕೂಡ ಅದೇ ಹೊತ್ತಿಗೆ ಬದಲಿಸಲು ಮಿಸ್ತ್ರಿಗೆ ಹೇಳಿ. ಹಳೆಯ ಬೇರಿಂಗ್ ಕೇಳಿ ತೆಗೆದುಕೊಂಡು, ಅದರ ಅಂಚಿನಲ್ಲಿರುವ ನಂಬರ್ ನೋಡಿ ಹೊಸದನ್ನು ತನ್ನಿ.