ಸರ್ವಿಸ್ ಮುಗಿಸಿ ಬಂದ ಟ್ರ್ಯಾಕ್ಟರನ್ನು ನಾನು ಪರೀಕ್ಷಿಸುವ ಬಗೆ

ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ನಮ್ಮಂಥವರ ಟ್ರ್ಯಾಕ್ಟರುಗಳಿಗೆ ಎರಡು ಬಗೆಯ ಕಷ್ಟವಿದೆ. ನಾಟಿಗೆ ಮುನ್ನ ಕೇಜ್‌ವೀಲ್ ಎಂಬ ಕಬ್ಬಿಣದ ಪಟ್ಟಿಗಳ ಚಕ್ರ ಕಟ್ಟಿಕೊಂಡು ಅಚ್ಚು ಮುಳುಗುವಷ್ಟು ಕೆಸರಿನಲ್ಲಿ ತಿರುಗುವುದು ಒಂದು. ಬೇಸಿಗೆಯಲ್ಲಿ ಎರೆ ಹೊಲದ ದೂಳಿನ ನಡುವೆ ಮಣ್ಣು ಪುಡಿಮಾಡುವ ರೊಟವೇಟರ್ ಹೊಡೆಯುವುದು ಇನ್ನೊಂದು. ಕೆಸರು ಸೀಲುಗಳನ್ನು ತಿನ್ನುತ್ತದೆ, ದೂಳು ಎಂಜಿನ್ನನ್ನು ತಿನ್ನುತ್ತದೆ. ಆದ್ದರಿಂದ ಕಾಲುವೆಗೆ ನೀರು ಬಿಡುವ ಸುದ್ದಿ ಬಂದೊಡನೆ ಎಲ್ಲರೂ ಒಮ್ಮೆಲೇ ಸರ್ವಿಸ್‌ಗೆ ಓಡುತ್ತಾರೆ, ಅಂಗಡಿಯ ಮುಂದೆ ಗಾಡಿಗಳ ಸಾಲು ನಿಲ್ಲುತ್ತದೆ, ಅನುಭವಿ ಮೆಕ್ಯಾನಿಕ್ ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡಾಡುತ್ತಿರುವಾಗ ಕೆಲಸದ ಅರ್ಧ ಪಾಲು ಕಲಿಯಲು ಬಂದ ಹುಡುಗರ ಕೈಗೆ ಹೋಗುತ್ತದೆ. ಇದರಲ್ಲಿ ಮೋಸಕ್ಕಿಂತ ಅವಸರದ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ, ಮತ್ತು ನಾನು ನಡೆಸುವ ಪರೀಕ್ಷೆಯೆಲ್ಲ ಈ ಅವಸರವನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡಿದೆ.

ಸರ್ವಿಸ್ ಆದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು, ನಾನು ಕಂಡಂತೆ, ಬಿಚ್ಚಿ ಮತ್ತೆ ಜೋಡಿಸಿದ ಜಾಗದಲ್ಲಿಯೇ ಹುಟ್ಟುತ್ತವೆ. ನಿನ್ನೆಯವರೆಗೆ ಒಣಗಿದ್ದ ಮೂಲೆಯೊಂದು ಇಂದು ಎಣ್ಣೆ ಒಸರುತ್ತಿದ್ದರೆ ಅಲ್ಲಿ ಯಾರದೋ ಪಾನಾ ಆಡಿರುತ್ತದೆ. ಹೀಗಾಗಿ ನಾನು ಇಡೀ ಗಾಡಿಯನ್ನು ತಲೆಯಿಂದ ಬಾಲದವರೆಗೆ ಶೋಧಿಸುವುದಿಲ್ಲ. ಯಾವ ಯಾವ ಬೋಲ್ಟು ಸಡಿಲಾಯಿತು, ಯಾವ ಪೈಪು ಕಳಚಿತು ಎಂಬುದನ್ನು ಮೊದಲು ತಿಳಿದುಕೊಂಡು ಅಷ್ಟನ್ನೇ ಗಟ್ಟಿಯಾಗಿ ನೋಡುತ್ತೇನೆ.

ಇದಕ್ಕೆ ತಯಾರಿ ಗಾಡಿಯನ್ನು ಒಪ್ಪಿಸುವ ಮುನ್ನವೇ ಆಗಬೇಕು. ಆಯಿಲ್ ಫಿಲ್ಟರ್, ಎರಡು ಡೀಸೆಲ್ ಫಿಲ್ಟರುಗಳು ಮತ್ತು ಎಂಜಿನ್ ಕೆಳಗಿನ ಡ್ರೈನ್ ಬೋಲ್ಟಿನ ಮೇಲೆ ಬಣ್ಣದಿಂದ ಒಂದೊಂದು ಸಣ್ಣ ಗೆರೆ ಎಳೆಯುತ್ತೇನೆ. ಗೆರೆಯ ಅರ್ಧ ಬೋಲ್ಟಿನ ಮೇಲೆ, ಇನ್ನರ್ಧ ಪಕ್ಕದ ಕಬ್ಬಿಣದ ಮೇಲೆ ಬರುವಂತೆ ಎಳೆದರೆ ಅದು ತಿರುಗಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಮನೆಯ ಹೆಣ್ಣುಮಕ್ಕಳ ಉಗುರು ಬಣ್ಣದ ಹಳೆಯ ಬಾಟಲಿ ಇದಕ್ಕೆ ಸಾಕು. ಎಂಜಿನ್ ಓಡಿದ ಗಂಟೆಗಳನ್ನು ತೋರಿಸುವ ಅವರ್ ಮೀಟರ್, ಡೀಸೆಲ್ ಮುಳ್ಳು, ಬ್ಯಾಟರಿಯ ಮೇಲಿನ ಸಂಖ್ಯೆ, ನಾಲ್ಕೂ ಟೈರುಗಳ ಸಂಖ್ಯೆ, ಇಷ್ಟರ ಫೋಟೊ ಮೊಬೈಲಿನಲ್ಲಿ ತೆಗೆದಿಡುತ್ತೇನೆ. ನನ್ನ ದೂರುಗಳನ್ನು ಬಾಯಿಯಲ್ಲಿ ಹೇಳದೆ ಚೀಟಿಯಲ್ಲಿ ಬರೆದುಕೊಟ್ಟು, ತೆಗೆದ ಹಳೆಯ ಸಾಮಾನುಗಳನ್ನು ಒಂದು ಚೀಲಕ್ಕೆ ಹಾಕಿ ಇಡಬೇಕೆಂದು ಅಲ್ಲಿಯೇ ಕೇಳಿಕೊಳ್ಳುತ್ತೇನೆ. ಆಮೇಲೆ ಕೇಳಿದರೆ ಅದು ಅನುಮಾನದಂತೆ ಕೇಳಿಸುತ್ತದೆ, ಮೊದಲೇ ಕೇಳಿದರೆ ಗಿರಾಕಿಯ ಪದ್ಧತಿ ಎಂದು ಒಪ್ಪಿಕೊಳ್ಳುತ್ತಾರೆ.

ಇನ್ನೊಂದು ಕೋರಿಕೆ: ಮೊದಲು ತೊಳೆಯಿರಿ, ಆಮೇಲೆ ಗ್ರೀಸ್ ಹೊಡೆಯಿರಿ. ಅನೇಕ ಕಡೆ ಕೆಲಸವೆಲ್ಲ ಮುಗಿದ ಮೇಲೆ ಗಾಡಿ ಹೊಳೆಯಲೆಂದು ಪ್ರೆಶರ್ ನೀರು ಬಿಡುತ್ತಾರೆ. ಆ ನೀರು ಮುಂದಿನ ಗಾಲಿ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ನಿನೊಳಗೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ, ವೈರುಗಳ ಜೋಡಣೆಗೆ ನುಗ್ಗುತ್ತದೆ. ಗ್ರೀಸ್ ಹೊಡೆದಿದ್ದಾರೆಯೇ ಎಂದು ನಾನು ಬಾಯಿಮಾತಿನಲ್ಲಿ ಕೇಳುವುದಿಲ್ಲ; ಕಿಂಗ್‌ಪಿನ್ ಮತ್ತು ಮುಂದಿನ ಅಚ್ಚಿನ ನಡುಪಿನ್ನಿನ ಅಂಚಿನಲ್ಲಿ ಕಪ್ಪು ಕೆಸರಿನ ಹಳೆಯ ಗ್ರೀಸನ್ನು ತಳ್ಳಿಕೊಂಡು ಹೊಸ ಗ್ರೀಸು ಹೊರಗೆ ಬಂದಿರಬೇಕು. ಗದ್ದೆಯಲ್ಲಿ ದುಡಿಯುವ ಗಾಡಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಎಂಜಿನ್ ಆಯಿಲ್ ವಿಷಯದಲ್ಲಿ ನಮ್ಮ ಕಡೆ ಒಂದು ತಪ್ಪು ನಂಬಿಕೆ ಬಲವಾಗಿದೆ. ಸರ್ವಿಸ್ ಆದ ಮರುದಿನ ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿ, ಎಣ್ಣೆ ಕಪ್ಪಾಗಿದೆ, ಬದಲಾಯಿಸಿಯೇ ಇಲ್ಲ ಎಂದು ಜಗಳಕ್ಕೆ ಹೋದವರನ್ನು ಕಂಡಿದ್ದೇನೆ. ಡೀಸೆಲ್ ಎಂಜಿನ್ನಿನ ಒಳಗೆ ಅಂಟಿಕೊಂಡ ಮಸಿ ಹೊಸ ಎಣ್ಣೆಯಲ್ಲಿ ಕೂಡಲೇ ಬೆರೆಯುತ್ತದೆ, ಹಳೆಯ ಎಣ್ಣೆಯ ಸ್ವಲ್ಪ ಪಾಲೂ ಒಳಗೆ ಉಳಿದಿರುತ್ತದೆ, ಹೀಗಾಗಿ ಕೆಲವೇ ಗಂಟೆಗಳಲ್ಲಿ ಬಣ್ಣ ಕಪ್ಪಾಗುವುದು ಸಹಜ. ಬಣ್ಣ ಸಾಕ್ಷಿಯಾಗಲಾರದು. ನನಗೆ ಸಾಕ್ಷಿಯೆಂದರೆ ಡ್ರೈನ್ ಬೋಲ್ಟಿನ ಮೇಲಿನ ಗೆರೆ ಜಾಗ ತಪ್ಪಿರುವುದು, ಗೆರೆಯಿದ್ದ ಹಳೆಯ ಫಿಲ್ಟರ್ ಚೀಲದಲ್ಲಿ ಸಿಗುವುದು ಮತ್ತು ಸಾಧ್ಯವಾದರೆ ಎಣ್ಣೆಯ ಡಬ್ಬಿಯ ಸೀಲನ್ನು ನನ್ನ ಎದುರಿನಲ್ಲೇ ಒಡೆಯುವುದು. ಡಬ್ಬಿಯ ಮೇಲೆ ಕೈಪಿಡಿಯಲ್ಲಿ ಹೇಳಿದ ದರ್ಜೆಯೇ ಇದೆಯೇ ಎಂದು ಓದುತ್ತೇನೆ, ನನ್ನದಕ್ಕೆ 15ಡಬ್ಲ್ಯೂ-40.

ಮಟ್ಟವನ್ನು ನೋಡುವುದಕ್ಕೂ ಕ್ರಮವಿದೆ. ಗಾಡಿ ಸಮತಟ್ಟಾದ ನೆಲದ ಮೇಲಿರಬೇಕು, ಎಂಜಿನ್ ನಿಲ್ಲಿಸಿ ಎಣ್ಣೆ ಕೆಳಗಿಳಿಯಲು ಹತ್ತು ನಿಮಿಷವಾದರೂ ಬಿಟ್ಟಿರಬೇಕು. ಮಟ್ಟ ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರವಾಗಿರಬೇಕೇ ಹೊರತು ಅದನ್ನು ದಾಟಿರಬಾರದು. ಇರಲಿ ಎಂದು ಅರ್ಧ ಲೀಟರ್ ಹೆಚ್ಚು ಸುರಿಯುವ ಉದಾರಿಗಳಿದ್ದಾರೆ. ಹೆಚ್ಚಾದ ಎಣ್ಣೆಯನ್ನು ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಬಡಿದು ನೊರೆಯೆಬ್ಬಿಸುತ್ತದೆ, ನೊರೆಯಾದ ಎಣ್ಣೆ ಬೇರಿಂಗಿಗೆ ಸರಿಯಾದ ಆಸರೆ ಕೊಡುವುದಿಲ್ಲ, ಉಳಿದದ್ದು ನೀಲಿ ಹೊಗೆಯಾಗಿ ಹೋಗುತ್ತದೆ. ಎಂಜಿನ್ ಶುರುವಾದ ಕೆಲವು ಸೆಕೆಂಡುಗಳಲ್ಲಿ ಆಯಿಲ್ ಪ್ರೆಶರಿನ ಕೆಂಪು ದೀಪ ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಬೇಕು.

ಆಯಿಲ್ ಫಿಲ್ಟರಿನ ಬುಡದಲ್ಲಿ ಬೆರಳಾಡಿಸದೆ ನಾನು ಅಂಗಡಿ ಬಿಡುವುದಿಲ್ಲ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಕೆಲವೊಮ್ಮೆ ಎಂಜಿನ್ನಿಗೇ ಅಂಟಿ ಉಳಿಯುತ್ತದೆ. ಅದನ್ನು ಗಮನಿಸದೆ ಹೊಸದನ್ನು ತಿರುಗಿಸಿದರೆ ಎರಡು ಉಂಗುರಗಳು ಒಂದರ ಮೇಲೊಂದು ಕುಳಿತು, ನಿಧಾನ ವೇಗದಲ್ಲಿ ಎಲ್ಲವೂ ಸರಿಯಿದ್ದಂತೆ ಕಂಡು, ಎಂಜಿನ್ ಜೋರಾಗಿ ಓಡಿ ಒತ್ತಡ ಏರಿದಾಗ ಎಣ್ಣೆ ಚಿಮ್ಮುತ್ತದೆ. ನಮ್ಮ ಊರಿನ ಒಂದು ಗಾಡಿಗೆ ಹೀಗೆಯೇ ಆಗಿ, ಭತ್ತದ ಚೀಲ ತುಂಬಿದ ಟ್ರಾಲಿ ರಸ್ತೆಯಲ್ಲಿ ನಿಂತಿತು. ಚಾಲಕ ದೀಪ ನೋಡಿ ತಕ್ಷಣ ಬಂದ್ ಮಾಡಿದ್ದರಿಂದ ಎಂಜಿನ್ ಉಳಿಯಿತು. ಆದ್ದರಿಂದ ಫಿಲ್ಟರಿನ ಸುತ್ತ ಒಣ ಬಟ್ಟೆಯಿಂದ ಒರೆಸಿ, ಎಂಜಿನ್ನನ್ನು ಐದು ನಿಮಿಷ ಏರು ವೇಗದಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತೇನೆ. ಚೀಲದಲ್ಲಿರುವ ಹಳೆಯ ಫಿಲ್ಟರಿಗೆ ಅದರ ಉಂಗುರ ಅಂಟಿಕೊಂಡೇ ಇದೆಯೇ ಎಂದು ನೋಡುವುದೂ ಇದೇ ಕಾರಣಕ್ಕೆ.

ಡೀಸೆಲ್ ಫಿಲ್ಟರ್ ಬದಲಾಯಿಸಿದರೆ ಗಾಳಿ ಒಳಹೋಗುತ್ತದೆ, ಅದನ್ನು ಪೂರ್ತಿ ತೆಗೆಯದಿದ್ದರೆ ಗಾಡಿ ಅಂಗಡಿಯಲ್ಲಿ ಚೆನ್ನಾಗಿಯೇ ಶುರುವಾಗಿ ಕಾಲು ಗಂಟೆಯ ನಂತರ ದಾರಿಯಲ್ಲಿ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ಮದ್ದು ಅಂಗಡಿಯ ಅಂಗಳದಲ್ಲೇ ಇಪ್ಪತ್ತು ನಿಮಿಷ ಓಡಿಸುವುದು, ಅಷ್ಟೇ.

ಏರ್ ಕ್ಲೀನರ್ ಬಗ್ಗೆ ಮಾತ್ರ ನಾನು ಸ್ವಲ್ಪ ಹೆಚ್ಚು ಮಾತನಾಡುತ್ತೇನೆ, ಏಕೆಂದರೆ ರಾಯಚೂರು ಜಿಲ್ಲೆಯ ಬೇಸಿಗೆಯ ದೂಳನ್ನು ಬಲ್ಲವರಿಗೆ ಎಂಜಿನ್ನಿನ ಆಯುಷ್ಯ ಎಲ್ಲಿ ಕಳೆಯುತ್ತದೆಂದು ಗೊತ್ತು. ದೂಳನ್ನು ಎಣ್ಣೆಯಲ್ಲಿ ಹಿಡಿಯುವ ಆಯಿಲ್ ಬಾತ್ ಬಗೆಯದಾದರೆ ಬಟ್ಟಲಿನಲ್ಲಿ ಎಣ್ಣೆ ಗುರುತಿನವರೆಗೆ ಮಾತ್ರ ಇರಬೇಕು. ಕಡಿಮೆಯಾದರೆ ದೂಳು ದಾಟುತ್ತದೆ, ಹೆಚ್ಚಾದರೆ ಎಂಜಿನ್ ಆ ಎಣ್ಣೆಯನ್ನೇ ಹೀರಿಕೊಳ್ಳುತ್ತದೆ. ಒಣ ಫಿಲ್ಟರಿನ ಗಾಡಿಯಾದರೆ ಒಳಗೆ ಸಣ್ಣದಾದ ಎರಡನೆಯ ಫಿಲ್ಟರ್ ಇರುತ್ತದೆ. ಅದನ್ನು ಊದಿ ಶುಚಿಮಾಡುವಂತಿಲ್ಲ, ಬದಲಾಯಿಸಬೇಕು. ಹೊರಗಿನದನ್ನು ಊದುವಾಗಲೂ ಗಾಳಿ ಒಳಗಿನಿಂದ ಹೊರಕ್ಕೆ ಹೋಗಬೇಕು ಮತ್ತು ಟೈರಿಗೆ ಗಾಳಿ ತುಂಬುವ ಪೂರ್ಣ ಒತ್ತಡ ಬಿಟ್ಟರೆ ಕಾಗದ ಹರಿಯುತ್ತದೆ. ಆದರೆ ಫಿಲ್ಟರಿಗಿಂತ ನಾನು ಹೆಚ್ಚು ನೋಡುವುದು ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು. ಅದರ ಕ್ಲಿಪ್ ಸಡಿಲವಿದ್ದರೆ ಎಷ್ಟೇ ಹೊಸ ಫಿಲ್ಟರ್ ಹಾಕಿದರೂ ಅದು ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟ ಮನೆಯಂತೆಯೇ. ದೂಳಿನ ಹೊಲದಲ್ಲಿ ಒಂದು ದಿನ ದುಡಿದ ಮೇಲೆ ಆ ಹೋಸನ್ನು ಬಿಚ್ಚಿ ಒಳಗೆ ಬೆರಳಿನಿಂದ ಒರೆಸಿದರೆ ಉತ್ತರ ಸಿಗುತ್ತದೆ: ಬೆರಳಿಗೆ ಮಣ್ಣು ಹತ್ತಿದರೆ ಎಲ್ಲೋ ದಾರಿ ಇದೆ.

ಇನ್ನು ಕ್ಲಚ್ ಮತ್ತು ಬ್ರೇಕ್. ಅಡ್ಜಸ್ಟ್ ಮಾಡಿ ಎಂದು ಹೇಳಿದಾಗ ಪೆಡಲನ್ನು ಪೂರ್ತಿ ಬಿಗಿದು ಕೊಡುವ ಅಭ್ಯಾಸವಿದೆ, ಹುಡುಗ ಚಾಲಕರಿಗೆ ಅದು ಚುರುಕೆನಿಸಿ ಇಷ್ಟವೂ ಆಗುತ್ತದೆ. ಕ್ಲಚ್ ಪೆಡಲಿಗೆ ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲ, ನನ್ನ ಗಾಡಿಯಲ್ಲಿ ಸುಮಾರು ಒಂದಂಗುಲ, ಇರಲೇಬೇಕು. ಇಲ್ಲದಿದ್ದರೆ ಬೇರಿಂಗ್ ಸದಾ ಉಜ್ಜುತ್ತಿರುತ್ತದೆ, ಪ್ಲೇಟು ಜಾರಿ ಸುಡುತ್ತದೆ. ಟ್ರ್ಯಾಕ್ಟರಿಗೆ ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುವುದರಿಂದ ಎರಡೂ ಸಮವಾಗಿ ಹಿಡಿಯುತ್ತವೆಯೇ ಎಂಬುದು ಟ್ರಾಲಿ ಎಳೆಯುವವರಿಗೆ ಜೀವದ ಪ್ರಶ್ನೆ. ಖಾಲಿ, ಒಣ ಜಾಗದಲ್ಲಿ, ಟ್ರಾಲಿ ಇಲ್ಲದೆ, ಎರಡು ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿ, ನಿಧಾನ ವೇಗದಲ್ಲಿ ಒತ್ತಿ ನೋಡುತ್ತೇನೆ. ಗಾಡಿ ಒಂದು ಬದಿಗೆ ಎಳೆದರೆ ಅಲ್ಲಿಂದಲೇ ಹಿಂದಿರುಗುತ್ತೇನೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕಿರುವ ಅನೇಕ ಗಾಡಿಗಳಲ್ಲಿ ಗೇರು, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಒಂದೇ ಎಣ್ಣೆಯಿರುವುದರಿಂದ, ಹಿಂದಿನ ಹೌಸಿಂಗಿಗೆ ಸಾಮಾನ್ಯ ಗೇರ್ ಆಯಿಲ್ ಸುರಿದರೆ ಬ್ರೇಕು ಕಿರುಚತೊಡಗುತ್ತದೆ. ಇಲ್ಲಿಯೂ ಡಬ್ಬಿಯ ಮೇಲಿನ ಬರಹವನ್ನು ಓದಬೇಕು. ಕೆಸರಿನ ಹಂಗಾಮು ಮುಗಿಸಿ ಬಂದ ಗಾಡಿಯಾದರೆ ಆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆಯೇ ಎಂದು ನೋಡುತ್ತೇನೆ. ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ, ಸೀಲನ್ನು ಬದಲಾಯಿಸದೆ ಎಣ್ಣೆಯನ್ನಷ್ಟೇ ಬದಲಾಯಿಸಿದರೆ ಹಣ ದಂಡ.

ಕೆಲವರು ಗಾಡಿಗೆ ಎಳೆತ ಹೆಚ್ಚಾಗಲೆಂದು ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಕೊಡುತ್ತಾರೆ, ಅದನ್ನು ಉಪಕಾರವೆಂದೇ ಭಾವಿಸುತ್ತಾರೆ. ಪಂಪಿನ ಸೀಲ್ ತಂತಿ ಮೊದಲಿದ್ದಂತೆಯೇ ಇದೆಯೇ, ಭಾರ ಎಳೆಯುವಾಗ ಕಪ್ಪು ಹೊಗೆ ಹಿಂದಿಗಿಂತ ಹೆಚ್ಚಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಗಾಲಿಯ ನಟ್ಟುಗಳನ್ನು ಸರ್ವಿಸಿನಲ್ಲಿ ಬಿಚ್ಚಿದ್ದರೆ ನಾನೇ ಪಾನಾ ಹಾಕಿ ಎದುರುಬದುರಾಗಿ ಬಿಗಿದು, ಬಣ್ಣದ ಗೆರೆ ಎಳೆದು, ಕೆಲವು ಗಂಟೆ ದುಡಿದ ಮೇಲೆ ಮತ್ತೊಮ್ಮೆ ಬಿಗಿಯುತ್ತೇನೆ. ಗಾಳಿ ತುಂಬುವವನು ಹಿಂದೆ ಮುಂದೆ ಎಲ್ಲಕ್ಕೂ ಒಂದೇ ಅಳತೆ ಹಿಡಿಯಬಾರದು; ಹೊಲದ ಕೆಲಸಕ್ಕೆ ನನ್ನ ಹಿಂದಿನ ಟೈರಿಗೆ 12ರಿಂದ 14 ಪಿಎಸ್‌ಐ ಸಾಕು, ಮುಂದಿನದಕ್ಕೆ ಅದರ ಎರಡರಷ್ಟು ಬೇಕು. ಭಾರಕ್ಕೆಂದು ಹಿಂದಿನ ಟೈರಿಗೆ ನೀರು ತುಂಬಿಸಿದ್ದರೆ ವಾಲ್ವ್ ಮೇಲೆ ಬರುವಂತೆ ಗಾಲಿ ನಿಲ್ಲಿಸಿ ಅಳೆಯಬೇಕು.

ಹೈಡ್ರಾಲಿಕ್ ಪರೀಕ್ಷೆಗೆ ರೊಟವೇಟರನ್ನು ಎತ್ತಿ, ಎಂಜಿನ್ ನಿಲ್ಲಿಸಿ, ಅದು ಎಷ್ಟು ಬೇಗ ಕುಸಿಯುತ್ತದೆಂದು ದೂರದಿಂದಲೇ ನೋಡುತ್ತೇನೆ. ಎತ್ತಿದ ಉಪಕರಣದ ಕೆಳಗೆ ಯಾರೂ ಹೋಗುವಂತಿಲ್ಲ. ಪೈಪಿನ ಸೋರಿಕೆಯನ್ನು ಕೈಯಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ಹುಡುಕಬೇಕು, ಏಕೆಂದರೆ ಒತ್ತಡದ ಎಣ್ಣೆ ಚರ್ಮದೊಳಗೆ ತೂರಬಲ್ಲದು. ಉಪಕರಣಕ್ಕೆ ಎಂಜಿನ್ನಿನ ಶಕ್ತಿ ಕೊಡುವ ಹಿಂದಿನ ತಿರುಗುವ ಶಾಫ್ಟನ್ನು, ಎಂದರೆ ಪಿಟಿಒವನ್ನು, ಹಾಕಿ ತೆಗೆದು, ಸದ್ದು ಕೇಳಿ, ಅದು ಪೂರ್ತಿ ನಿಂತ ಮೇಲಷ್ಟೇ ಶಾಫ್ಟಿನ ಹತ್ತಿರ ಹೋಗುತ್ತೇನೆ.

ಹಣ ಕೊಡುವ ಮುನ್ನ ಬಿಲ್ಲನ್ನು ಚೀಲದೊಂದಿಗೆ ಹೋಲಿಸುತ್ತೇನೆ. ಬಿಲ್ಲಿನಲ್ಲಿರುವ ಪ್ರತಿಯೊಂದು ಬಿಡಿಭಾಗಕ್ಕೂ ಚೀಲದಲ್ಲಿ ಒಂದು ಹಳೆಯದು ಇರಬೇಕು, ಎಣ್ಣೆಯ ಲೀಟರ್ ಲೆಕ್ಕ ಕೈಪಿಡಿಯ ಅಳತೆಗೆ ಹೊಂದಬೇಕು. ಸರ್ವಿಸ್ ಪುಸ್ತಕದಲ್ಲಿ ದಿನಾಂಕ ಮತ್ತು ಅವರ್ ಮೀಟರಿನ ಓದು ಎರಡನ್ನೂ ಬರೆಸಿ ಮುದ್ರೆ ಹಾಕಿಸುತ್ತೇನೆ, ವಾರಂಟಿಯ ಮಾತು ಬಂದಾಗ ಕೇಳುವುದು ಅದನ್ನೇ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಗಾಡಿ ನಿಂತ ಜಾಗದ ನೆಲವನ್ನು ನೋಡುತ್ತೇನೆ. ಅದಕ್ಕಾಗಿಯೇ ರಾತ್ರಿ ಅಡಿಯಲ್ಲಿ ಗೊಬ್ಬರದ ಖಾಲಿ ಚೀಲ ಹಾಸಿರುತ್ತೇನೆ. ರೇಡಿಯೇಟರ್ ನೀರು ಬದಲಾಯಿಸಿದ್ದರೆ ಒಳಗಿನ ಗಾಳಿ ಹೊರಬಿದ್ದು ಮಟ್ಟ ಇಳಿದಿರುವುದು ಸಾಮಾನ್ಯ, ಆಗ ಕೂಲಂಟ್ ತುಂಬಿಸುತ್ತೇನೆ. ಬಿಸಿಯಿದ್ದಾಗ ಮುಚ್ಚಳಕ್ಕೆ ಕೈ ಹಾಕುವುದಿಲ್ಲ. ಆಮೇಲೆ ಹತ್ತಿರದ ಹೊಲದಲ್ಲಿ, ಮನೆಗೆ ಎಳೆದು ತರಬಹುದಾದಷ್ಟು ದೂರದಲ್ಲಿ, ಒಂದು ಗಂಟೆ ಭಾರದ ಕೆಲಸ ಮಾಡಿಸುತ್ತೇನೆ. ಈ ಒಂದು ಗಂಟೆ ಮುಗಿಯುವವರೆಗೆ ಬಾಡಿಗೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಏನಾದರೂ ಕಂಡರೆ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ನಾನು ಪಾನಾ ಮುಟ್ಟದೆ, ಅದೇ ದಿನ ಮೆಕ್ಯಾನಿಕ್‌ಗೆ ತಿಳಿಸುತ್ತೇನೆ. ನಾವು ಕೈಹಾಕಿದ ಮೇಲೆ ಅದು ಅವರ ಹೊಣೆಯೆಂದು ವಾದಿಸುವುದು ಕಷ್ಟ. ಗಾಡಿ ಹತ್ತು ಗಂಟೆ ದುಡಿದ ಮೇಲೆ ಗಾಲಿಯ ನಟ್ಟು, ಹೋಸಿನ ಕ್ಲಿಪ್, ಬ್ಯಾಟರಿ ತಂತಿಯ ತುದಿ ಮತ್ತು ಫ್ಯಾನ್ ಬೆಲ್ಟಿನ ಬಿಗಿಯನ್ನು ಇನ್ನೊಮ್ಮೆ ನೋಡಿ, ಮಡ್‌ಗಾರ್ಡಿನ ಒಳಬದಿಯಲ್ಲಿ ಮುಂದಿನ ಆಯಿಲ್ ಬದಲಾವಣೆಯ ಗಂಟೆಯನ್ನು, ಎಂದರೆ ಈಗಿನ ಓದಿಗೆ 250 ಸೇರಿಸಿ, ಬರೆದಿಡುತ್ತೇನೆ. ಎರಡನೇ ಬೆಳೆಗೆ ನೀರು ಸಿಗದೆ ಗಾಡಿ ನಿಂತೇ ಉಳಿದ ವರ್ಷಗಳಲ್ಲಿ ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಬೇಕಾಗಿರುವುದರಿಂದ ಅದರ ಪಕ್ಕದಲ್ಲಿ ತಿಂಗಳನ್ನೂ ಬರೆಯುತ್ತೇನೆ.