ಫೀಡ್‌ಗೆ ಎಷ್ಟು ಚಂದಾದಾರರು? ಲೆಕ್ಕ ಲಾಗ್‌ನಲ್ಲೇ ಇದೆ

ಗೆಳೆಯರೇ, ನಿಮ್ಮ ಸೈಟ್‌ನ ಆರ್‌ಎಸ್‌ಎಸ್ ಫೀಡ್ (ಹೊಸ ಬರಹಗಳ ಪಟ್ಟಿಯ ಫೈಲ್, ಓದುವ ಆ್ಯಪ್‌ಗಳು ತರಿಸಿಕೊಳ್ಳುವುದು ಇದನ್ನೇ) ಎಷ್ಟು ಜನ ಓದುತ್ತಾರೆ ಅಂತ ತಿಳಿಯಬೇಕಾ? ಸರ್ವರ್‌ನ ಆಕ್ಸೆಸ್ ಲಾಗ್ (ಬಂದ ಕೋರಿಕೆಗಳನ್ನು ಒಂದೊಂದು ಸಾಲಾಗಿ ಬರೆದಿಡುವ ಫೈಲ್) ತೆರೆದು, ಫೀಡ್ ವಿಳಾಸಕ್ಕೆ ಬಂದ ಸಾಲುಗಳನ್ನಷ್ಟೇ ತೆಗೆಯಿರಿ. ಸಾಲಿನ ಕೊನೆಗೆ ಸಾಮಾನ್ಯವಾಗಿ ಯೂಸರ್ ಏಜೆಂಟ್, ಅಂದರೆ ಬಂದ ಆ್ಯಪ್ ಅಥವಾ ಸೇವೆಯ ಗುರುತು, ಇರುತ್ತದೆ. ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್ ಥರದ ಫೀಡ್ ಓದುವ ಸೇವೆಗಳು ಅಲ್ಲೇ, ಉದಾಹರಣೆಗೆ, '16 ಸಬ್‌ಸ್ಕ್ರೈಬರ್ಸ್' ಅಂತ ಬರೆದಿರುತ್ತವೆ. ತಮ್ಮ ಅಷ್ಟೂ ಓದುಗರ ಪರವಾಗಿ ಒಂದೇ ಸಲ ಬಂದು ಫೀಡ್ ಒಯ್ಯುತ್ತವೆ, ಅದಕ್ಕೇ ಆ ಸಂಖ್ಯೆ.

ಜಾಸ್ತಿ ಜನ ಎಡವುವುದು ಇಲ್ಲೇ. ಅದೇ ಸೇವೆ ದಿನಕ್ಕೆ ಎಷ್ಟೋ ಸಲ ಬರುತ್ತದೆ. 16, 16, 16 ಅಂತ ಕೂಡಿಸುತ್ತಾ ಹೋಗಬೇಡಿ. ಒಂದೊಂದು ಸೇವೆಯ ಕೊನೆಯ ಸಾಲು ಸಾಕು. ಆದರೆ ಆರ್‌ಎಸ್‌ಎಸ್, ಆಟಮ್ (ಫೀಡ್‌ನ ಇನ್ನೊಂದು ಮಾದರಿ) ಎರಡೂ ಇಟ್ಟಿದ್ದರೆ ಎರಡು ವಿಳಾಸಕ್ಕೂ ಬೇರೆ ಬೇರೆ ನೋಡಿ, ಆಮೇಲೆ ಕೂಡಿಸಿ. 304 ಉತ್ತರದ ಸಾಲುಗಳನ್ನು ಸುಮ್ನೆ ಬಿಡಬೇಡಿ. 'ಹೊಸದೇನೂ ಇಲ್ಲ' ಅನ್ನಿಸಿಕೊಂಡು ಹೋದವರೂ ನಿಮ್ಮ ಓದುಗರೇ ಅಲ್ವಾ?

ಫೋನ್, ಕಂಪ್ಯೂಟರ್‌ನ ಆ್ಯಪ್‌ಗಳು ನೇರವಾಗಿ ಬಂದರೆ ಸಂಖ್ಯೆ ಹೇಳುವುದಿಲ್ಲ. ಅವಕ್ಕೆ ಒಂದು ದಿನದ ಬೇರೆ ಬೇರೆ ಐಪಿಗಳನ್ನು (ಇಂಟರ್ನೆಟ್ ವಿಳಾಸಗಳನ್ನು) ಎಣಿಸಿ. ಮೊಬೈಲ್ ಐಪಿ ಬದಲಾಗುತ್ತಿರುತ್ತದೆ, ಹಾಗಾಗಿ ಇದು ಅಂದಾಜು ಮಾತ್ರ. ಸೈಟ್ ಮುಂದೆ ಸಿಡಿಎನ್ (ನಿಮ್ಮ ಫೈಲ್‌ಗಳ ಪ್ರತಿ ಇಟ್ಟುಕೊಂಡು ತಾನೇ ಕೊಡುವ ಸೇವೆ) ಇದ್ದರೆ ಅದರ ಲಾಗ್ ನೋಡಿ. ಕೆಲವು ಕೋರಿಕೆಗಳು ನಿಮ್ಮ ಸರ್ವರ್‌ವರೆಗೆ ಬರುವುದೇ ಇಲ್ಲ.